ಕೊಸರಿನ ಲೆಕ್ಕ

ನಮ್ಮಮ್ಮ ಸಂತೆಗೆ ಹೋದರೆ ಕೊಸರು ಕೇಳದೆ ಬರುತ್ತಿರಲಿಲ್ಲ. ನಾಲ್ಕು ಕಟ್ಟು ಸೊಪ್ಪು ತೆಗೆದುಕೊಂಡರೆ ಮೇಲೊಂದು ಹಿಡಿ ಕೊತ್ತಂಬರಿ, ಸೇರು ಅವರೆಕಾಯಿಗೆ ಮೇಲೊಂದು ಬೊಗಸೆ. "ಕಾಸಿಗೊಂದು, ಕೊಸರಿಗೆರಡು" ಎಂದು ಸೊಪ್ಪಿನವಳು ರೇಗುತ್ತಲೇ ಹಾಕುತ್ತಿದ್ದಳು. ನಾನಾಗ ಐದನೆಯ ಕ್ಲಾಸು. ಪುಕ್ಕಟೆ ಸಿಕ್ಕಿತೆಂದು ನನಗೆ ಖುಷಿ. ಅಮ್ಮ ಮಾತ್ರ ಚೀಲ ಹೆಗಲಿಗೇರಿಸಿಕೊಂಡು ಹೇಳುತ್ತಿದ್ದಳು: "ಪುಕ್ಕಟೆ ಎಲ್ಲಿ ಬಂತು ಮಗಾ? ಕಟ್ಟು ಕಟ್ಟುವಾಗಲೇ ನಮ್ಮ ಪಾಲಿನ ಎರಡು ಎಳೆ ತೆಗೆದಿಟ್ಟಿರ್ತಾಳೆ. ಇಲ್ಲದಿದ್ದರೆ ನಮ್ಮ ಹಿಂದೆ ಬಂದವಳಿಗೆ ಅಷ್ಟು ಕಡಿಮೆ."

ಹಾಗಾದರೆ ಕೇಳುವುದು ಯಾಕೆ ಎಂದರೆ, "ಕೇಳದಿದ್ದರೆ ನಾವೇ ಆ ಹಿಂದೆ ಬಂದವಳು ಆಗ್ತೀವಲ್ಲ" ಎನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಬಿ.ಎ., ಬಿ.ಎಡ್. ಓದಿದ ನನಗೆ ಆ ಮಾತು ಪೂರ್ತಿ ಅರ್ಥವಾಗಲು ಸುಮಾರು ಮೂವತ್ತು ವರ್ಷಗಳ ನೌಕರಿಯೇ ಬೇಕಾಯಿತು.

ಅದು ಅರ್ಥವಾದದ್ದು 2025ರ ಫೆಬ್ರವರಿ ಮೊದಲ ವಾರದಲ್ಲಿ. ಶನಿವಾರ ಬಜೆಟ್ ಬಂದಿತ್ತು. ಸೋಮವಾರ ಬೆಳಿಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಹಬ್ಬದ ಕಳೆ. ವರ್ಷಕ್ಕೆ 12 ಲಕ್ಷದವರೆಗೆ ವರಮಾನ ಇರುವವರಿಗೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆಯೇ ಇಲ್ಲವಂತೆ. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿದರೆ 12 ಲಕ್ಷದ 75 ಸಾವಿರ. ನನ್ನಂಥ ಹಳೆಯ ಶಿಕ್ಷಕಿಯೂ ಆ ಗೆರೆಯ ಒಳಗೇ ಬಂದೆ. ಈಚೆಗೆ ನೌಕರಿಗೆ ಸೇರಿದ ಗಣಿತದ ಮೇಡಂ ಅಂತೂ ಟೇಬಲ್ ಮೇಲೆ ಹರಡಿದ್ದ ರಸೀದಿಗಳನ್ನು ತೋರಿಸಿ, "ಇದೇ ಕೊನೆ ಮೇಡಂ. ಮುಂದಿನ ವರ್ಷದಿಂದ ಪಾಲಿಸಿ, ಬಾಂಡು ಯಾವುದೂ ಬೇಡ. ಉಳಿಸಲೇಬೇಕೆಂಬ ತಲೆನೋವೇ ತಪ್ಪಿತು" ಎಂದಳು.

ಅಷ್ಟು ಹೊತ್ತಿಗೆ ಅಕ್ಷರ ದಾಸೋಹದ ಅಡುಗೆಯಾಕೆ ನಮಗೆ ಟೀ ತಂದಳು. ಎಲ್ಲರ ಮುಖ ನೋಡಿ, "ಏನ್ ಟೀಚರಮ್ಮ, ಬಜೆಟ್ನಾಗೆ ಬಿಟ್ರಂತಲ್ಲ? ನಮಗೇನಾದ್ರೂ ಬಿಟ್ರಾ?" ಎಂದು ಕೇಳಿದಳು. ಯಾರೋ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಸಂಜೆ ನನ್ನ ಜೊತೆ ಮನೆಗೆ ಬಂತು.

ಊಟವಾದ ಮೇಲೆ ಹಳೆಯ ಟ್ರಂಕು ತೆರೆದು ಲೆಕ್ಕದ ಪುಸ್ತಕಗಳನ್ನು ತೆಗೆದೆ. ಮೊದಲ ಸಂಬಳದಿಂದಲೂ ಬರೆದಿಟ್ಟ ಅಭ್ಯಾಸ ನನ್ನದು. ಸರ್ಕಾರ ಇಷ್ಟು ವರ್ಷ ನನಗೆ 'ಬಿಟ್ಟದ್ದು' ಎಷ್ಟು, ಆ ಬಿಟ್ಟದ್ದನ್ನು ಹಿಡಿಯಲು ಹೋಗಿ ನಾನು ಕಳೆದುಕೊಂಡದ್ದು ಎಷ್ಟು ಎಂದು ಒಂದು ಸಲ ನೋಡಿಯೇಬಿಡೋಣ ಎನಿಸಿತು.

ಮೊದಲು ಸಿಕ್ಕಿದ್ದು 1999ರ ಮಾರ್ಚಿನ ಪುಟ. ಆ ದಿನಗಳಲ್ಲಿ ಉಳಿತಾಯಕ್ಕೆ 88ನೆಯ ಸೆಕ್ಷನ್ ಪ್ರಕಾರ ರಿಯಾಯಿತಿ. ಜಿಪಿಎಫ್, ವಿಮೆ, ಅಂಚೆ ಕಚೇರಿಯ ಎನ್‌ಎಸ್‌ಸಿ ಮುಂತಾದವುಗಳಲ್ಲಿ ತೊಡಗಿಸಿದ ಹಣದ 100ಕ್ಕೆ 20ರಷ್ಟನ್ನು ನೇರವಾಗಿ ತೆರಿಗೆಯಲ್ಲೇ ಕಳೆಯುತ್ತಿದ್ದರು. ಫೆಬ್ರವರಿ ಸಂಬಳದಲ್ಲಿ ತೆರಿಗೆ ಮುರಿಯುತ್ತಾರೆಂದು ಎಲ್ಲರಿಗೂ ಹೆದರಿಕೆ. ಆ ಹೆದರಿಕೆಯ ವಾಸನೆ ಹಿಡಿದು ವಿಮೆ ಏಜೆಂಟರು ಶಾಲೆಯ ಗೇಟಿಗೇ ಬರುತ್ತಿದ್ದರು. ನನಗೆ ಗಂಟುಬಿದ್ದವರು ದೂರದ ಸಂಬಂಧಿಕರು. "ತೆರಿಗೆ ಕಟ್ಟಿ ಸರ್ಕಾರಕ್ಕೆ ಯಾಕಮ್ಮ ಕೊಡ್ತೀಯ? ನಿನ್ನ ದುಡ್ಡು ನಿನ್ನ ಹತ್ರಾನೇ ಇರಲಿ" ಎಂದರು. ವರ್ಷಕ್ಕೆ 12,000 ರೂಪಾಯಿ ಕಂತು, 20 ವರ್ಷದ ಪಾಲಿಸಿ. ನನ್ನ ಸುಮಾರು ಎರಡು ತಿಂಗಳ ಸಂಬಳ. ಸಹಿ ಹಾಕಿದೆ.

ಈಗ ಕನ್ನಡಕ ಹಾಕಿಕೊಂಡು ನೋಡುತ್ತೇನೆ: ಆ ವರ್ಷ ನನ್ನ ಮೇಲೆ ಬಿದ್ದ ತೆರಿಗೆ ಬರೀ 1,200 ರೂಪಾಯಿ. ನನ್ನ ಸಂಬಳದಲ್ಲಿ ತಿಂಗಳಿಗೆ 500ರಂತೆ ಜಿಪಿಎಫ್‌ಗೆ ಹೋಗಿದ್ದ ಹಣ 6,000. ಅದರ 100ಕ್ಕೆ 20 ಎಂದರೆ 1,200. ಅಲ್ಲಿಗೆ ತೆರಿಗೆ ಮುಗಿಯಿತು! ಆ ಪಾಲಿಸಿಯಿಂದ ನನಗೆ ಒಂದು ಕಾಸಿನ ತೆರಿಗೆಯೂ ಉಳಿದಿರಲಿಲ್ಲ. ಮಕ್ಕಳಿಗೆ ಶೇಕಡಾವಾರು ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದ ನಾನು ನನ್ನದೇ ಲೆಕ್ಕವನ್ನು ಹತ್ತು ನಿಮಿಷ ಕೂತು ಹಾಕಲಿಲ್ಲ. 'ತೆರಿಗೆ ಉಳಿಯುತ್ತೆ' ಎಂಬ ಎರಡು ಪದ ಕೇಳಿದೊಡನೆ ನಾವು ಎಷ್ಟು ಎಂದು ಕೇಳುವುದನ್ನೇ ಮರೆಯುತ್ತೇವೆ.

ಮರುವರ್ಷ ಇನ್ನೊಂದು ತಮಾಷೆ. 2000ದ ಬಜೆಟ್ಟಿನಲ್ಲಿ 65 ವರ್ಷದೊಳಗಿನ ಮಹಿಳೆಯರಿಗೆ ತೆರಿಗೆಯಲ್ಲಿ 5,000 ರೂಪಾಯಿಯವರೆಗೆ ಪ್ರತ್ಯೇಕ ರಿಯಾಯಿತಿ ಬಂತು. ಸ್ಟಾಫ್ ರೂಮಿನ ಗಂಡಸರು ನಮ್ಮನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಮುಂದಿನ ಐದು ವರ್ಷ ನನ್ನ ತೆರಿಗೆಯೆಲ್ಲ ಜಿಪಿಎಫ್ ಮತ್ತು ಆ ರಿಯಾಯಿತಿಯಲ್ಲೇ ಕರಗಿಹೋಯಿತು. ಪಾಲಿಸಿಯ ಕಂತು ಮಾತ್ರ ಹನುಮಂತನ ಬಾಲದಂತೆ ಬೆಳೆಯುತ್ತಲೇ ಇತ್ತು.

ಮಹಿಳೆಯರ ಈ ರಿಯಾಯಿತಿಯ ಕಥೆಯನ್ನೂ ಹೇಳಿಬಿಡುತ್ತೇನೆ. 2005ರಲ್ಲಿ ಅದನ್ನು ತೆಗೆದು, ತೆರಿಗೆ ಇಲ್ಲದ ವರಮಾನದ ಮಿತಿಯನ್ನೇ ನಮಗೆ ಸ್ವಲ್ಪ ಎತ್ತರಿಸಿದರು. ಉಳಿದವರಿಗೆ 1 ಲಕ್ಷ, ನಮಗೆ 1 ಲಕ್ಷ 35 ಸಾವಿರ. ಆ 35,000 ಅಂತರದಿಂದ 100ಕ್ಕೆ 10ರ ದರದಲ್ಲಿ ಉಳಿಯುತ್ತಿದ್ದದ್ದು ವರ್ಷಕ್ಕೆ 3,500. 2011ರ ಹೊತ್ತಿಗೆ ಅವರಿಗೆ 1 ಲಕ್ಷ 80 ಸಾವಿರ, ನಮಗೆ 1 ಲಕ್ಷ 90 ಸಾವಿರ. ಅಂದರೆ ಲಾಭ 1,000 ರೂಪಾಯಿ. 2012ರಲ್ಲಿ ಎಲ್ಲರಿಗೂ 2 ಲಕ್ಷ ಎಂದರು. ನಮ್ಮ ಕೊಸರು ಅಲ್ಲಿಗೆ ಮುಗಿಯಿತು. ಆಗ ನಾನು ಗೊಣಗಿದ್ದೆ. ಈಗ ಅನ್ನಿಸುತ್ತದೆ: ಅದು 'ಮಹಿಳೆಯರ' ರಿಯಾಯಿತಿ ಎಂದು ಹೆಸರಿತ್ತೇ ಹೊರತು ತೆರಿಗೆ ಕಟ್ಟುವಷ್ಟು ಸಂಬಳ ಎಣಿಸುವ ಹೆಂಗಸರು ನಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದರು? ನಾನು, ಬ್ಯಾಂಕಿನಲ್ಲಿದ್ದ ಒಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು. ಬೀಡಿ ಕಟ್ಟುವವರು, ಹೂ ಕಟ್ಟುವವರು, ಮನೆಗೆಲಸದವರು ಹೆಂಗಸರಲ್ಲವೇ? ತೆರಿಗೆಯೇ ಇಲ್ಲದವರಿಗೆ ತೆರಿಗೆ ಬಿಟ್ಟರೆ ಬರುವುದಾದರೂ ಏನು?

ಪಾಲಿಸಿಯ ಕಥೆ 2009ರಲ್ಲಿ ಮುಗಿಯಿತು. ಆ ವರ್ಷ ದಸರಾ ಕಳೆದ ಮೇಲೆ ನಮ್ಮವರಿಗೆ ಎದೆನೋವು ಕಾಣಿಸಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಆಪರೇಷನ್ ಆಗಬೇಕು, ದುಡ್ಡು ಮೊದಲು ಕಟ್ಟಬೇಕು. ಕೈಯಲ್ಲಿ ಇದ್ದದ್ದು ಸಾಲದು. ಒಡವೆ ಅಡವಿಟ್ಟೆ, ತಮ್ಮನ ಹತ್ತಿರ ಕೇಳಿದೆ. ಕೊನೆಗೆ ಪಾಲಿಸಿಯನ್ನೂ ನಡುವೆಯೇ ಮುರಿದೆ. ಅಷ್ಟರಲ್ಲಿ 11 ಕಂತು ಕಟ್ಟಿದ್ದೆ. ಒಟ್ಟು 1,32,000. ಕೈಗೆ ಬಂದದ್ದು 96,000. 'ನಿನ್ನ ದುಡ್ಡು ನಿನ್ನ ಹತ್ರಾನೇ ಇರಲಿ' ಎಂದಿದ್ದರಲ್ಲ, ಅದರಲ್ಲಿ 36,000 ನನ್ನ ಹತ್ತಿರ ಇರಲಿಲ್ಲ. ಹನ್ನೊಂದು ವರ್ಷ ನನ್ನ ಜೀವಕ್ಕೊಂದು ರಕ್ಷಣೆ ಇತ್ತು, ಅದಕ್ಕೂ ಒಂದು ಬೆಲೆ ಉಂಟು, ಒಪ್ಪುತ್ತೇನೆ. ಆದರೆ ಅಷ್ಟು ವರ್ಷದಲ್ಲಿ ಅದರಿಂದ ನಿಜವಾಗಿ ಉಳಿದ ತೆರಿಗೆ 5,000 ರೂಪಾಯಿಯ ಒಳಗೆ. ಐದು ಸಾವಿರಕ್ಕಾಗಿ ಮೂವತ್ತಾರು ಸಾವಿರ. ಸಂತೆಯ ಸೊಪ್ಪಿನವಳು ಎಷ್ಟೋ ವಾಸಿ.

ಹಾಗೆಂದು ತೆರಿಗೆ ರಿಯಾಯಿತಿಯೆಲ್ಲ ಮೋಸ ಎಂದು ಷರಾ ಬರೆದು ಪುಸ್ತಕ ಮುಚ್ಚುವವಳಿದ್ದೆ. ಆಗ ಅದೇ ಟ್ರಂಕಿನ ತಳದಲ್ಲಿ ಅಂಚೆ ಕಚೇರಿಯ ಹಳೆಯ ಲಕೋಟೆ ಸಿಕ್ಕಿತು.

2005ರಲ್ಲಿ 80ಸಿ ಸೆಕ್ಷನ್ ಬಂದ ಮೇಲೆ ನಾನು ಸ್ವಲ್ಪ ಬುದ್ಧಿ ಕಲಿತಿದ್ದೆ. ಏಜೆಂಟರನ್ನು ಬಿಟ್ಟು, 2007ರಿಂದ 2010ರವರೆಗೆ ಪ್ರತಿ ಮಾರ್ಚಿನಲ್ಲೂ ಅಂಚೆ ಕಚೇರಿಗೆ ಹೋಗಿ 10,000 ರೂಪಾಯಿಯ ಎನ್‌ಎಸ್‌ಸಿ ಕೊಂಡೆ. ಪ್ರತಿಯೊಂದಕ್ಕೆ ಉಳಿದ ತೆರಿಗೆ ಸುಮಾರು 1,000. ಆಗ ಅದರ ಅವಧಿ ಆರು ವರ್ಷ. 100 ರೂಪಾಯಿ ಇಟ್ಟರೆ 160 ರೂಪಾಯಿ 10 ಪೈಸೆ ಬರುತ್ತಿತ್ತು. ಮನೆಯಲ್ಲಿ ಅತ್ತೆಯವರು, "ಕೈಯಲ್ಲಿರೋ ದುಡ್ಡು ಕಾಗದಕ್ಕೆ ಯಾಕೆ ಹಾಕ್ತೀಯ? ಹಟ್ಟಿಗೆ ಒಂದು ಹಸು ತರಬಾರದೆ?" ಎಂದಾಗ, "ತೆರಿಗೆ ಮುರೀತಾರೆ ಅತ್ತೆ" ಎನ್ನುತ್ತಿದ್ದೆ. ಆ ಒಂದು ಮಾತಿಗೆ ಎದುರು ಮಾತಿರಲಿಲ್ಲ. 'ನನ್ನ ಹೆಸರಿನಲ್ಲಿ ಒಂದಿಷ್ಟು ಇರಲಿ' ಎಂದು ನಾನು ಬಾಯಿಬಿಟ್ಟು ಹೇಳಿದ್ದರೆ ಆ ಮನೆಯಲ್ಲಿ ಅದು ದೊಡ್ಡ ಜಗಳವಾಗುತ್ತಿತ್ತು. ಸಂಬಳ ತರುವ ಹೆಂಗಸಿಗೂ ಸಂಬಳದ ಮೇಲೆ ಅಧಿಕಾರ ಅಷ್ಟಕ್ಕಷ್ಟೇ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಸರ್ಕಾರದ ಆ ಸೆಕ್ಷನ್ ನನಗೆ ಉಳಿಸಿಕೊಟ್ಟ ಸಾವಿರ ರೂಪಾಯಿಗಿಂತ, ಅದು ಕೊಟ್ಟ ಈ ನೆಪ ದೊಡ್ಡದಾಗಿತ್ತು.

2009ರಲ್ಲಿ ಆಸ್ಪತ್ರೆಯ ಖರ್ಚು ಬಂದಾಗ ನನ್ನ ಬಳಿ ಮೂರು ಎನ್‌ಎಸ್‌ಸಿ ಇದ್ದವು. ಅವಧಿಗೆ ಮೊದಲು ಮುರಿಯಲು ಬರುವುದಿಲ್ಲ ಎಂದರು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅತ್ತಿದ್ದು ನೆನಪಿದೆ. ಆದರೆ 2013ರ ಜೂನ್‌ನಲ್ಲಿ ಮಗಳು ನಾಲ್ಕು ವರ್ಷದ ಕೋರ್ಸಿಗೆ ಸೇರಿದಳು. ಆ ವರ್ಷದ ಮಾರ್ಚಿನಿಂದ 2016ರ ಮಾರ್ಚಿನವರೆಗೆ ವರ್ಷಕ್ಕೊಂದರಂತೆ ಅವು ಕೈಗೆ ಬಂದವು. ಒಂದೊಂದಕ್ಕೆ 16,010 ರೂಪಾಯಿ. ನಾಲ್ಕು ವರ್ಷದ ಹಾಸ್ಟೆಲ್ ಖರ್ಚಿನ ದೊಡ್ಡ ಪಾಲು ಅದರಲ್ಲೇ ಹೋಯಿತು. ಹೇಗೋ ಹಾಸ್ಟೆಲ್ ಬೇಡ, ಊರಲ್ಲೇ ಏನಾದರೂ ಓದಲಿ ಎಂಬ ಮಾತು ಮನೆಯಲ್ಲಿ ಎದ್ದಾಗ, "ದುಡ್ಡು ನನ್ನ ಹತ್ತಿರ ಇದೆ" ಎಂದು ಹೇಳಲು ನನಗೆ ಬಾಯಿ ಬಂತು. ಮುರಿಯಲು ಬರುವಂತಿದ್ದರೆ 2009ರಲ್ಲೇ ಅದು ಮುಗಿದಿರುತ್ತಿತ್ತು.

ಹಾಗಾಗಿ ನನ್ನ ಪುಸ್ತಕದ ಲೆಕ್ಕ ಒಂದೇ ಬದಿಗೆ ವಾಲುವುದಿಲ್ಲ. ಒಂದು ಕಡೆ ನಷ್ಟ, ಒಂದು ಕಡೆ ಮಗಳ ಓದು. ಎರಡೂ ರಿಯಾಯಿತಿಯ ಹೆಸರಲ್ಲೇ ಆದದ್ದು.

ಇದು ನನ್ನ ಮನೆಯ ಲೆಕ್ಕವಾಯಿತು. ಅಮ್ಮ ಹೇಳುತ್ತಿದ್ದ ಆ 'ಹಿಂದೆ ಬಂದವಳ' ಲೆಕ್ಕ? ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ.

80ಸಿ ಅಡಿಯಲ್ಲಿ 2014ರಿಂದ ಒಂದೂವರೆ ಲಕ್ಷದವರೆಗಿನ ಉಳಿತಾಯವನ್ನು ವರಮಾನದಿಂದ ಕಳೆಯಬಹುದು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ನ್ಯಾಯ. ಆದರೆ 100ಕ್ಕೆ 30ರ ದರದಲ್ಲಿ ತೆರಿಗೆ ಕಟ್ಟುವ ದೊಡ್ಡ ಸಂಬಳದವರಿಗೆ ಅದರಿಂದ ಉಳಿಯುವುದು 45,000. 100ಕ್ಕೆ 5ರ ದರದವರಿಗೆ 7,500. ತೆರಿಗೆಯ ಮಿತಿಯ ಕೆಳಗಿದ್ದು, ಹೊಟ್ಟೆ ಬಟ್ಟೆ ಕಟ್ಟಿ ಉಳಿಸುವವರಿಗೆ ಸೊನ್ನೆ. ಸೇರು ತುಂಬ ಕೊಂಡವರಿಗೆ ಬೊಗಸೆ ಕೊಸರು, ಪಾವು ಕೊಂಡವರಿಗೆ ಚಿಟಿಕೆ. ಹಳೆಯ 88ನೆಯ ಸೆಕ್ಷನ್ ಈ ಮಟ್ಟಿಗೆ ವಾಸಿ. ಮೊದಲು ಎಲ್ಲರಿಗೂ 100ಕ್ಕೆ 20 ಎಂದಿತ್ತು. 2002ರಲ್ಲಿ 5 ಲಕ್ಷ ಮೀರಿದವರಿಗೆ ಇಲ್ಲವೇ ಇಲ್ಲ ಎಂದರು.

ಸರ್ಕಾರ ಹೀಗೆ ಬಿಟ್ಟುಬಿಡುವ ತೆರಿಗೆ ಎಷ್ಟಾಗುತ್ತದೆಂದು 2006-07ರ ಬಜೆಟ್ಟಿನಿಂದ ಒಂದು ಪಟ್ಟಿಯನ್ನೇ ಸಂಸತ್ತಿನ ಮುಂದೆ ಇಡುತ್ತಾರೆ. ಖರ್ಚು ಮಾಡಿದ ಹಣಕ್ಕೆ ಲೆಕ್ಕ ಕೊಡುವ ಹಾಗೆ ಬಿಟ್ಟ ಹಣಕ್ಕೂ ಲೆಕ್ಕ ಬೇಕೆಂಬುದು ಅದರ ತಾತ್ಪರ್ಯ. ನಾವು ಸಿಹಿ ಹಂಚಿದ ಆ 2025ರ ಬಜೆಟ್ಟಿನಲ್ಲಿ, ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಕೈಬಿಡುತ್ತಿದ್ದೇವೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಭಾಷಣದಲ್ಲಿ ಹೇಳಿದರು. ಒಳ್ಳೆಯದಕ್ಕೇ ಇರಬಹುದು. ನಮ್ಮ ಕೈಯಲ್ಲಿ ದುಡ್ಡು ಉಳಿದರೆ ಅಂಗಡಿಗಳಲ್ಲಿ ವ್ಯಾಪಾರ ಆಗುತ್ತದೆ, ಅದರಿಂದ ಇನ್ನೊಬ್ಬರಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಆದರೆ ಆ ಹಣದಲ್ಲಿ ಏನೇನು ಆಗಬಹುದಿತ್ತು ಎಂಬ ಇನ್ನೊಂದು ಪುಟವನ್ನೂ ಓದಬೇಕಲ್ಲವೇ?

ನಮ್ಮ ಶಾಲೆಯ ಅಡುಗೆಮನೆಯನ್ನೇ ನೋಡಿ. 2004ರಲ್ಲಿ ತೆರಿಗೆಯ ಮೇಲೆ 100ಕ್ಕೆ 2ರಷ್ಟು ಶಿಕ್ಷಣ ಸೆಸ್ ಹಾಕಿದರು. ಪ್ರಾಥಮಿಕ ಶಿಕ್ಷಣಕ್ಕೆ, ಮಕ್ಕಳ ಮಧ್ಯಾಹ್ನದ ಊಟಕ್ಕೆಂದೇ ಮೀಸಲಾದ ಹಣ ಅದು. 2018ರಿಂದ ಆರೋಗ್ಯವೂ ಸೇರಿ ಆ ಸೆಸ್ ನೂರಕ್ಕೆ 4 ಆಗಿದೆ. ನಾನು 1,000 ರೂಪಾಯಿ ತೆರಿಗೆ ಉಳಿಸಿದ ವರ್ಷ ಆ ಪಾತ್ರೆಗೆ ಬೀಳಬೇಕಿದ್ದ ಇಪ್ಪತ್ತೋ ಮೂವತ್ತೋ ರೂಪಾಯಿಯೂ ಉಳಿಯಿತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ನಿಜ. ಆದರೆ ಎಲ್ಲರ ಅರೆಕಾಸು ಸೇರಿದರೆ ತಾನೇ ಅನ್ನ? ಸೌಟು ಹಿಡಿದು ನಿಂತವಳು 'ನಮಗೇನಾದ್ರೂ ಬಿಟ್ರಾ' ಎಂದಾಗ ನಾನು ನಕ್ಕದ್ದು ಈಗ ನಾಚಿಕೆಯಾಗುತ್ತದೆ.

ಬಿಟ್ಟರೂ ಅದು ತಲುಪಬೇಕಲ್ಲ, ಅದು ಇನ್ನೊಂದು ಪ್ರಶ್ನೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸ್ಯಾನಿಟರಿ ಪ್ಯಾಡಿನ ಮೇಲೆ 100ಕ್ಕೆ 12 ತೆರಿಗೆ ಹಾಕಿದರು. ದೇಶದ ಹೆಂಗಸರೆಲ್ಲ ಕೂಗೆಬ್ಬಿಸಿದ ಮೇಲೆ 2018ರ ಜುಲೈನಲ್ಲಿ ತೆರಿಗೆ ಪೂರ್ತಿ ತೆಗೆದರು. ನಮ್ಮ ಶಾಲೆಯ ಹುಡುಗಿಯರಿಗೆ ನಾನೇ ಹೇಳಿದೆ, ಇನ್ನು ಮುಂದೆ ಕಡಿಮೆಗೆ ಸಿಗುತ್ತದೆ ಎಂದು. ಎದುರಿನ ಅಂಗಡಿಯಲ್ಲಿ ಪೊಟ್ಟಣಕ್ಕೆ ಇಳಿದದ್ದು ಎರಡೋ ಮೂರೋ ರೂಪಾಯಿ. ಯಾಕೆಂದು ಆಮೇಲೆ ತಿಳಿಯಿತು. ತಯಾರಿಸುವವರು ಹತ್ತಿ, ಪ್ಲಾಸ್ಟಿಕ್ ಮುಂತಾದ ಕಚ್ಚಾ ಮಾಲಿಗೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅನುಕೂಲ ಜಿಎಸ್‌ಟಿಯಲ್ಲಿದೆ. ಮಾರಾಟಕ್ಕೇ ತೆರಿಗೆ ಇಲ್ಲವೆಂದಾಗ ಆ ಅನುಕೂಲವೂ ಹೋಯಿತು. ಅದು ಬೆಲೆಯಲ್ಲೇ ಕೂತಿತು. ಕೊಸರಿನ ಕೊತ್ತಂಬರಿ ಕಟ್ಟಿನ ಒಳಗಿಂದಲೇ ಬಂದಿತ್ತು!

ಹೀಗೆ ಲೆಕ್ಕ ಹಾಕುತ್ತಾ ಹಾಕುತ್ತಾ ನನಗೆ ಹೊಳೆದದ್ದು ಇಷ್ಟೆ. ಯಾವುದೇ ರಿಯಾಯಿತಿ ಬಂದಾಗ ಸಿಹಿ ಹಂಚುವ ಮೊದಲು ನಾವು ಮೂರು ಮಾತು ಕೇಳಬೇಕು. ನನಗೆ ನಿಜವಾಗಿ ಉಳಿಯುವುದು ಎಷ್ಟು? ಅದಕ್ಕಾಗಿ ನಾನು ಏನನ್ನು ಕಟ್ಟಿಹಾಕುತ್ತಿದ್ದೇನೆ? ನನ್ನ ಹಿಂದೆ ನಿಂತವಳ ಪಾಲಿಗೆ ಏನಾಗುತ್ತದೆ? ಮೊದಲನೆಯದನ್ನು ಕೇಳಿಕೊಂಡಿದ್ದರೆ ನನ್ನ 36,000 ಉಳಿಯುತ್ತಿತ್ತು. ಎರಡನೆಯದನ್ನು ಅರಿಯದೆಯೇ ಮಾಡಿದ್ದರಿಂದ ಮಗಳು ಓದಿದಳು. ಮೂರನೆಯದನ್ನು ಕೇಳಿಕೊಳ್ಳಲು ಅಡುಗೆಯಾಕೆಯೇ ಬಂದು ಕಲಿಸಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿಯನ್ನು 100ಕ್ಕೆ 18ರಿಂದ 5ಕ್ಕೆ ಇಳಿಸಿದರು. ಅಡುಗೆಯಾಕೆಯನ್ನು ಕರೆದು, "ನೋಡು, ಈ ಸಲ ನಿನಗೂ ಬಿಟ್ಟಿದ್ದಾರೆ. ಅಂಗಡಿಯವನು ಹಳೇ ರೇಟು ಹೇಳಿದರೆ ಕೇಳು" ಎಂದೆ. ಅವಳು ನಂಬಲಿಲ್ಲ. ನಾಲ್ಕು ದಿನ ಬಿಟ್ಟು ಬಂದು, "ಹೌದು ಕಣ್ರೀ ಟೀಚರಮ್ಮ. ಮೊದಲು ಇಲ್ಲ ಅಂದ. ಪೇಪರ್ನಾಗೆ ಬಂದೈತೆ ಅಂದ್ಮೇಲೆ ಇಳಿಸ್ದ" ಎಂದು ಹೇಳಿದಳು. ಕೇಳದಿದ್ದರೆ ನಾವೇ ಹಿಂದೆ ಬಂದವಳು ಆಗುತ್ತೇವೆ ಎಂದ ಅಮ್ಮನ ಮಾತು ನೆನಪಾಯಿತು.

ಗಣಿತದ ಮೇಡಂಗೂ ಒಂದು ಮಾತು ಹೇಳಿದ್ದೆ. "ತೆರಿಗೆಯ ನೆಪ ಹೋಯಿತು ಅಂತ ಖುಷಿಪಡಬೇಡಮ್ಮ. ನೆಪ ನಮ್ಮಂಥವರಿಗೆ ದೊಡ್ಡ ಆಸರೆ. ಈಗ ನೆಪವಿಲ್ಲದೆ ಉಳಿಸುವುದನ್ನು ಕಲಿ. ಯಾವ ಏಜೆಂಟರ ಮಾತೂ ಕೇಳಬೇಡ. ಉಳಿದ ತೆರಿಗೆಯಷ್ಟನ್ನಾದರೂ ತಿಂಗಳಿಗಿಷ್ಟು ಅಂತ ನಿನ್ನ ಹೆಸರಿಗೆ ಹಾಕು." ಅವಳು ತಲೆಯಾಡಿಸಿ ಸುಮ್ಮನಾಗಿದ್ದಳು. ಹುಡುಗಿಯರು ನಮ್ಮ ಮಾತು ಎಲ್ಲಿ ಕೇಳುತ್ತಾರೆ ಎಂದುಕೊಂಡೆ.

ದಸರಾ ರಜೆ ಮುಗಿದು ಬಂದ ದಿನ ಅವಳು ಬ್ಯಾಗಿನಿಂದ ಅಂಚೆ ಕಚೇರಿಯ ಹೊಸ ಪಾಸ್ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ತಿಂಗಳಿಗೆ ಎರಡು ಸಾವಿರದ ಆರ್.ಡಿ. "ಮನೆಯಲ್ಲಿ ಯಾಕೆ ಅಂತ ಕೇಳಿದರು ಮೇಡಂ" ಎಂದಳು.

"ಏನಂದೆ?"

"ನನ್ನ ಹೆಸರಿನಲ್ಲಿ ಒಂದಿಷ್ಟು ಇರಲಿ ಅಂದೆ."

ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳಲಾಗದ ಮಾತು ಅದು.